ಬರಿಗಣ್ಣಿನ ಲೆಕ್ಕಕ್ಕೂ ಬೆಲೆಯಿದೆ

2019ರ ಕೊನೆಯಲ್ಲಿ ಆರಿದ್ರಾ ನಕ್ಷತ್ರ ಮಂಕಾಗತೊಡಗಿತು. ನಮ್ಮ ರೈತರು ಮಳೆಯ ಹೆಸರಾಗಿ ಬಲ್ಲ ಆರಿದ್ರಾ ಇದೇ. ಖಗೋಳ ಪುಸ್ತಕಗಳಲ್ಲಿ ಬೀಟಲ್‌ಜ್ಯೂಸ್. (ಆ ಮಳೆಯ ಕಾಲದಲ್ಲಿ ಸೂರ್ಯ ಅದೇ ದಿಕ್ಕಿನಲ್ಲಿರುವುದರಿಂದ ನಕ್ಷತ್ರ ಮಾತ್ರ ಕಣ್ಣಿಗೆ ಬೀಳುವುದಿಲ್ಲ.) ಮಹಾವ್ಯಾಧನ ಭುಜದಲ್ಲಿ ಕೆಂಪಗೆ ಉರಿಯುವ ಈ ನಕ್ಷತ್ರದ ಬೆಳಕು 2020ರ ಫೆಬ್ರುವರಿ ಹೊತ್ತಿಗೆ ಎಂದಿನ ಅರ್ಧಕ್ಕಿಂತಲೂ ಕೆಳಗಿಳಿಯಿತು. ಇನ್ನೇನು ಸ್ಫೋಟಿಸಿಬಿಡುತ್ತದೆ ಎಂಬ ಸುದ್ದಿ ಹರಡಿತು. ಹಾಗಾಗಲಿಲ್ಲ. ನಕ್ಷತ್ರ ಹೊರಚೆಲ್ಲಿದ ಅನಿಲ ತಣಿದು ದೂಳಾಗಿ ಬೆಳಕಿಗೆ ಅಡ್ಡ ನಿಂತಿತ್ತೆಂದು ಚಿಲಿಯ ದೊಡ್ಡ ದೂರದರ್ಶಕದಿಂದ ಪಡೆದ ಚಿತ್ರಗಳ ಆಧಾರದ ಮೇಲೆ ವಿಜ್ಞಾನಿಗಳು 2021ರಲ್ಲಿ ವಿವರಿಸಿದರು.

ಆದರೆ ಮಂಕಾಗಿದೆ ಎಂದು ಹೇಳಬೇಕಾದರೆ ಮೊದಲು ಹೇಗಿತ್ತು ಎಂಬ ಲೆಕ್ಕ ಯಾರ ಬಳಿಯಾದರೂ ಇರಬೇಕಲ್ಲ? ಆ ಲೆಕ್ಕ ಬಹುಪಾಲು ಬಂದದ್ದು ಹವ್ಯಾಸಿಗಳಿಂದ. ದೊಡ್ಡ ದೂರದರ್ಶಕಗಳು ಮಸುಕಾದ, ಬಹುದೂರದ ಕಾಯಗಳಿಗಾಗಿ ಕಟ್ಟಿದವು. ಇಷ್ಟು ಪ್ರಖರವಾದ ನಕ್ಷತ್ರ ಅವುಗಳ ಹೆಚ್ಚಿನ ಕ್ಯಾಮೆರಾಗಳಿಗೆ ಅತಿಯಾಗುತ್ತದೆ. ಅಲ್ಲದೆ ಒಂದೇ ನಕ್ಷತ್ರವನ್ನು ವರ್ಷಗಟ್ಟಲೆ ನೋಡುತ್ತಿರಲು ಅವುಗಳಿಗೆ ಬಿಡುವಿಲ್ಲ. ಬರಿಗಣ್ಣಿಗೆ ಆ ಬಿಡುವಿದೆ.

ಅಳೆಯುವ ಬಗೆ ಸರಳ. ನಕ್ಷತ್ರದ ಹೊಳಪಿಗೆ ಕಾಂತಿಮಾನ ಎಂಬ ಅಂಕಿ ಇದೆ. ಅಂಕಿ ಹೆಚ್ಚಿದಷ್ಟೂ ಬೆಳಕು ಕಡಿಮೆ. ಪ್ರೋಸಿಯಾನ್ ನಕ್ಷತ್ರದ ಕಾಂತಿಮಾನ ಸುಮಾರು 0.4, ರೋಹಿಣಿಯದು 0.9. ಆರಿದ್ರಾ ಪ್ರೋಸಿಯಾನ್‌ಗಿಂತ ಮಂಕಾಗಿ, ರೋಹಿಣಿಗಿಂತ ಪ್ರಖರವಾಗಿ, ಸರಿಸುಮಾರು ನಡುವೆ ಕಂಡರೆ 0.6 ಅಥವಾ 0.7 ಎಂದು ಬರೆದುಕೊಂಡರಾಯಿತು. 2020ರ ಫೆಬ್ರುವರಿಯಲ್ಲಿ ಅದು ಮಹಾವ್ಯಾಧನ ಇನ್ನೊಂದು ಭುಜದ ಬೆಲ್ಲಾಟ್ರಿಕ್ಸ್‌ಗೆ, ಅಂದರೆ ಸುಮಾರು 1.6ಕ್ಕೆ, ಸಮನಾಗಿತ್ತು. ಆ ವ್ಯತ್ಯಾಸ ಮನೆಯ ಮಾಳಿಗೆಯಿಂದಲೇ ಕಾಣುವಷ್ಟಿತ್ತು.

ಎಚ್ಚರಿಕೆಗಳೂ ಇವೆ. ದಿಗಂತದ ಹತ್ತಿರ ಗಾಳಿಯ ಪದರ ದಪ್ಪ, ಹಾಗಾಗಿ ಅಲ್ಲಿನ ನಕ್ಷತ್ರ ಮಂಕಾಗಿಯೇ ಕಾಣುತ್ತದೆ. ಹೋಲಿಸುವ ನಕ್ಷತ್ರಗಳು ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿರಬೇಕು. ಕೆಂಪು ನಕ್ಷತ್ರವನ್ನು ದಿಟ್ಟಿಸಿ ನೋಡುತ್ತಿದ್ದರೆ ಕಣ್ಣಿಗೆ ಅದು ಇನ್ನಷ್ಟು ಪ್ರಖರವಾದಂತೆ ತೋರುತ್ತದೆ, ಆದ್ದರಿಂದ ಕಣ್ಣು ಹಾಯಿಸಿ ತಕ್ಷಣ ಅಂದಾಜಿಸಬೇಕು. ಕಳೆದ ಸಲದ ಅಂಕಿಯನ್ನು ನೋಡಿಕೊಂಡು ಹೊರಗೆ ಹೋಗಬಾರದು. ನಾವು ನಿರೀಕ್ಷಿಸಿದ್ದನ್ನೇ ಕಣ್ಣು ಕಂಡುಬಿಡುತ್ತದೆ. ಒಬ್ಬರ ಅಂದಾಜಿನಲ್ಲಿ ಒಂದೆರಡು ದಶಾಂಶ ತಪ್ಪಬಹುದು. ನೂರಾರು ಜನರ ಅಂದಾಜು ಸೇರಿದಾಗ ನಕ್ಷತ್ರದ ಏರಿಳಿತ ಸ್ಪಷ್ಟವಾಗಿ ಮೂಡುತ್ತದೆ. ಅಮೆರಿಕದಲ್ಲಿ 1911ರಲ್ಲಿ ಹುಟ್ಟಿದ ಚರಕಾಂತಿ ನಕ್ಷತ್ರ ವೀಕ್ಷಕರ ಸಂಘ ಇಂಥ ಅಂದಾಜುಗಳನ್ನು ಇಂದಿಗೂ ಜಗತ್ತಿನ ಎಲ್ಲೆಡೆಯಿಂದ ಪಡೆದು ಕಾಪಿಡುತ್ತಿದೆ.

ಆ ಸಂಘಕ್ಕೆ 37 ಸಾವಿರಕ್ಕೂ ಹೆಚ್ಚು ವೀಕ್ಷಣೆಗಳನ್ನು ಕಳಿಸಿದವರು ಅವಿಭಜಿತ ಬಂಗಾಳದ ಜೆಸ್ಸೋರಿನ ರಾಧಾಗೋವಿಂದ ಚಂದ್ರ. ಖಜಾನೆಯಲ್ಲಿ ಸಣ್ಣ ನೌಕರಿ, ಕೈಯಲ್ಲಿ ಮೂರು ಇಂಚಿನ ದೂರದರ್ಶಕ. ಅವರ ಕೆಲಸ ಮೆಚ್ಚಿದ ಸಂಘ ಆರು ಇಂಚಿನ ದೊಡ್ಡದೊಂದನ್ನು ಬಳಸಲು ಕಳಿಸಿತು. ನಮ್ಮ ಶಾಲೆಗಳ ವಿಜ್ಞಾನ ಪಾಠದಲ್ಲಿ ಈ ಹೆಸರಿಗೆ ಜಾಗ ಸಿಗಲೇಬೇಕು.

ಆಕಾಶ ನೋಡುವ ಆಸೆ ಹುಟ್ಟಿದ ಕೂಡಲೇ ದುಬಾರಿ ದೂರದರ್ಶಕ ಕೊಳ್ಳುವವರು ಬಹಳ. ಪತ್ರಿಕೆಯ ಚಿತ್ರಗಳಲ್ಲಿರುವ ಬಣ್ಣ ಅದರಲ್ಲಿ ಕಾಣದೆ, ಅದು ಅಟ್ಟ ಸೇರುತ್ತದೆ. ಮೊದಲು ಒಂದು ನೋಟ್‌ಬುಕ್ ಸಾಕು. ಜನವರಿಯಿಂದ ಏಪ್ರಿಲ್‌ವರೆಗೆ ಸಂಜೆಯ ಆಕಾಶದಲ್ಲಿ ಆರಿದ್ರಾ ಚೆನ್ನಾಗಿ ಕಾಣುತ್ತದೆ. ವಾರಕ್ಕೊಮ್ಮೆ ನೋಡಿ, ದಿನಾಂಕ, ಹೊತ್ತು, ಅಂಕಿ ಬರೆದಿಡಿ. ಮನೆಯ ಮಕ್ಕಳಿಂದಲೂ ಬೇರೆಯಾಗಿ ಬರೆಸಿ, ಆಮೇಲೆ ತಾಳೆ ನೋಡಿ.