ಹೊಸ ಕಾವಲಿ, ಹೊಸ ನಳಿಗೆ

ಹೊಸ ಕಬ್ಬಿಣದ ಕಾವಲಿಯ ಮೇಲೆ ಮೊದಲ ದಿನವೇ ದೋಸೆ ಸಲೀಸಾಗಿ ಏಳುವುದಿಲ್ಲ. ಎಣ್ಣೆ ಸವರಿ, ಕಾಯಿಸಿ, ಒರೆಸಿ ಅದನ್ನು ಪಳಗಿಸಬೇಕು. ಹೊಸ ರೈಫಲ್ಲಿನ ನಳಿಗೆಯನ್ನೂ ಹೀಗೆಯೇ ಪಳಗಿಸಬೇಕೆಂದು ಅನೇಕ ಗುರಿಕಾರರು ನಂಬುತ್ತಾರೆ. ಒಂದು ಗುಂಡು ಹಾರಿಸಿ ನಳಿಗೆ ತೊಳೆಯುವುದು, ಮತ್ತೊಂದು ಹಾರಿಸಿ ಮತ್ತೆ ತೊಳೆಯುವುದು. ಹೀಗೆ ಹತ್ತಾರು ಸಲ ನಡೆದ ಮೇಲೆಯೇ ರೈಫಲ್ ಸ್ಪರ್ಧೆಗೆ ಸಿದ್ಧ. ಇದು ವಿಜ್ಞಾನವೋ, ಬರಿಯ ಮಡಿಯೋ?

ಮೊದಲು ನಳಿಗೆಯೊಳಗೆ ಇಣುಕೋಣ. ಅಲ್ಲಿ ಸುರುಳಿಯಾಗಿ ಕೊರೆದ ತೋಡುಗಳಿವೆ. ಗುಂಡು ಅವುಗಳನ್ನು ಕಚ್ಚಿಕೊಂಡು ಗಿರ್ರನೆ ತಿರುಗುತ್ತ ಹೊರಬರುತ್ತದೆ. ತಿರುಗುವ ಬುಗುರಿ ಬೀಳದೆ ನಿಲ್ಲುವಂತೆ, ತಿರುಗುವ ಗುಂಡು ಗಾಳಿಯಲ್ಲಿ ಮಗುಚದೆ ಮೂಗು ಮುಂದಾಗಿ ಸಾಗುತ್ತದೆ. ಆದರೆ ತೋಟಾ ಕೂರುವ ಕೋಣೆಯನ್ನು ಕೊರೆಯುವಾಗ ಅದರ ಮುಂದಿನ ಭಾಗದಲ್ಲಿ ಸಣ್ಣ ಅಡ್ಡಗೀರುಗಳು ಉಳಿಯುತ್ತವೆ. ಅವು ಗುಂಡಿನ ತಾಮ್ರದ ಹೊದಿಕೆಯನ್ನು ಅರದಂತೆ ಕೆರೆಯುತ್ತವೆ. ಆ ತಾಮ್ರ ನಳಿಗೆಯ ಒಳಮೈಗೆ ಅಂಟುತ್ತದೆ. ಮೊದಮೊದಲ ಗುಂಡುಗಳೇ ಈ ಗೀರುಗಳನ್ನು ಉಜ್ಜಿ ನಯಮಾಡುತ್ತವೆ, ಅಂಟಿದ ತಾಮ್ರ ಅದಕ್ಕೆ ಅಡ್ಡಿಯಾಗಬಾರದೆಂದು ಪ್ರತಿ ಸಲವೂ ತೊಳೆಯಬೇಕು ಎಂಬುದು ಪಳಗಿಸುವವರ ತರ್ಕ.

ತರ್ಕವೇನೋ ಚೆನ್ನಾಗಿದೆ. ಆದರೆ ನಳಿಗೆ ತಯಾರಕರಲ್ಲೇ ಒಮ್ಮತವಿಲ್ಲ. ಪಳಗಿಸಲೇಬೇಕು ಎನ್ನುವವರಿದ್ದಾರೆ, ಅದರಿಂದ ನಳಿಗೆಯ ಆಯುಷ್ಯ ವ್ಯರ್ಥ ಎನ್ನುವವರೂ ಇದ್ದಾರೆ. ತೀರ್ಮಾನ ಏಕಿಷ್ಟು ಕಷ್ಟ? ಯಾವ ನಳಿಗೆಯೂ ಎರಡು ಸಲ ಹೊಸದಾಗಲಾರದು! ಪಳಗಿಸಿದ ನಳಿಗೆ ಚೆನ್ನಾಗಿ ಗುರಿ ಹಿಡಿದರೆ, ಪಳಗಿಸದಿದ್ದರೂ ಅದು ಹಾಗೆಯೇ ಹಿಡಿಯುತ್ತಿತ್ತೋ ಏನೋ, ಹೇಳುವುದು ಹೇಗೆ? ಒಂದೇ ಬಗೆಯ ಹಲವು ನಳಿಗೆಗಳನ್ನು ತಂದು, ಅರ್ಧದಷ್ಟನ್ನು ಪಳಗಿಸಿ, ಉಳಿದವನ್ನು ಹಾಗೆಯೇ ಬಿಟ್ಟು ಹೋಲಿಸಬೇಕು. ಒಂದೇ ರೈಫಲ್ ಕೊಂಡವನಿಗೆ ಇದು ಸಾಧ್ಯವಿಲ್ಲ.

ಗುಂಡಿನ ಆಯ್ಕೆಯಲ್ಲಿ ಈ ತೊಡಕಿಲ್ಲ. ಒಂದೇ ನಳಿಗೆಯಲ್ಲಿ ಹಲವು ಬಗೆಯ ಗುಂಡುಗಳನ್ನು ಪರೀಕ್ಷಿಸಬಹುದು. ಅಮೆರಿಕದ ಮಸಾಚುಸೆಟ್ಸ್‌ನ ವೈದ್ಯ ಫ್ರಾಂಕ್ಲಿನ್ ಮ್ಯಾನ್ ಹಲವು ದಶಕ ಈ ಕೆಲಸದಲ್ಲೇ ಕಳೆದರು. ಕೈ ನಡುಗುವ ದೋಷ ತಪ್ಪಿಸಲು ನಳಿಗೆಯನ್ನು ಅಲುಗದ ಆಸರೆಯ ಮೇಲಿರಿಸಿ, ಗುಂಡಿನ ದಾರಿಯಲ್ಲಿ ಕಾಗದದ ಪರದೆಗಳನ್ನು ಕಟ್ಟಿ, ಬೇಕೆಂದೇ ಜಖಂಗೊಳಿಸಿದ ಗುಂಡುಗಳನ್ನು ಹಾರಿಸಿದರು. ಅವರು ಕಂಡದ್ದನ್ನು 1909ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಗುಂಡಿನ ಮೂಗು ಜಜ್ಜಿದ್ದರೂ ಗುರಿ ಹೆಚ್ಚು ಕೆಡಲಿಲ್ಲ. ಬುಡ ಓರೆಯಾಗಿದ್ದರೆ ಮಾತ್ರ ಗುಂಡುಗಳು ಎಲ್ಲೆಲ್ಲೋ ಚೆದುರಿದವು. ಗುಂಡು ನಳಿಗೆಯ ಬಾಯಿ ಬಿಡುವ ಕ್ಷಣದಲ್ಲಿ ಹಿಂದಿನಿಂದ ನುಗ್ಗುವ ಅನಿಲ ಅದರ ಬುಡವನ್ನು ಎಲ್ಲ ಕಡೆಯಿಂದಲೂ ಸಮನಾಗಿ ತಳ್ಳಬೇಕಷ್ಟೆ. ಇಂದಿನ ಸ್ಪರ್ಧೆಯ ಗುಂಡುಗಳಲ್ಲಿ ಅನೇಕವಕ್ಕೆ ಮೂಗಿನಲ್ಲಿ ಸಣ್ಣ ತೂತಿರುತ್ತದೆ. ತಾಮ್ರದ ಹೊದಿಕೆಯನ್ನು ಬುಡದ ಕಡೆ ಪೂರ್ತಿ ಮುಚ್ಚಿ, ಮೂಗಿನ ಕಡೆ ಮಡಿಸಿದ್ದರಿಂದ ಉಳಿದ ತೂತು ಅದು. ಬುಡ ನುಣುಪಾಗಿದ್ದರೆ ಸಾಕು, ಮೂಗು ಹೇಗಿದ್ದರೂ ನಡೆಯುತ್ತದೆ!

ಗುಂಡಿನ ಉದ್ದವೂ ಮುಖ್ಯ. ಗುಂಡು ಉದ್ದವಾದಷ್ಟೂ ಹೆಚ್ಚು ಬಿರುಸಾಗಿ ತಿರುಗಬೇಕು. ಇಂಗ್ಲೆಂಡಿನ ವುಲ್ವಿಚ್‌ನಲ್ಲಿ ಗಣಿತದ ಪ್ರಾಧ್ಯಾಪಕರಾಗಿದ್ದ ಗ್ರೀನ್‌ಹಿಲ್ 1879ರಲ್ಲಿ ಇದಕ್ಕೊಂದು ಸೂತ್ರ ಕೊಟ್ಟರು: ವ್ಯಾಸದ ವರ್ಗವನ್ನು 150ರಿಂದ ಗುಣಿಸಿ, ಉದ್ದದಿಂದ ಭಾಗಿಸಿ. 7.8 ಮಿ.ಮೀ. ವ್ಯಾಸ, 31 ಮಿ.ಮೀ. ಉದ್ದದ ಗುಂಡಿಗೆ ಉತ್ತರ 294 ಮಿ.ಮೀ. ಅಂದರೆ ನಳಿಗೆಯಲ್ಲಿ ಸುಮಾರು 30 ಸೆಂ.ಮೀ. ಸಾಗುವಷ್ಟರಲ್ಲಿ ಅದು ಒಂದು ಸುತ್ತು ತಿರುಗಬೇಕು.

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದದ್ದು 50 ಮೀಟರ್ ರೈಫಲ್ ಸ್ಪರ್ಧೆಯಲ್ಲಿ. ಅಲ್ಲಿ ಹತ್ತು ಅಂಕದ ವೃತ್ತದ ವ್ಯಾಸ 10.4 ಮಿ.ಮೀ., ಅಂಗಿಯ ಗುಂಡಿಯಷ್ಟು! ಈ ಮಟ್ಟದ ಸ್ಪರ್ಧಿಗಳು ಪೆಟ್ಟಿಗೆಯ ಮೇಲಿನ ಹೆಸರನ್ನಷ್ಟೇ ನೋಡಿ ತೋಟಾ ಕೊಳ್ಳುವುದಿಲ್ಲ. ಒಂದೇ ಕಾರ್ಖಾನೆಯ ಒಂದೇ ಹೆಸರಿನ ತೋಟಾಗಳಲ್ಲೂ ಲಾಟಿನಿಂದ ಲಾಟಿಗೆ ಕೂದಲೆಳೆಯ ವ್ಯತ್ಯಾಸವಿರುತ್ತದೆ. ರೈಫಲನ್ನು ಬಿಗಿದಿಟ್ಟು ಪ್ರತಿ ಲಾಟಿನಿಂದಲೂ ಹತ್ತಾರು ಗುಂಡು ಹಾರಿಸಿ, ತೂತುಗಳು ಒತ್ತಾಗಿ ಬಿದ್ದ ಲಾಟನ್ನೇ ಆರಿಸುತ್ತಾರೆ. ಮೂರೇ ಗುಂಡು ಸಾಲದು. ನಾಣ್ಯವನ್ನು ಮೂರು ಸಲ ಚಿಮ್ಮಿದರೆ, ಎಂಟರಲ್ಲಿ ಒಂದು ಬಾರಿ ಮೂರೂ ತಲೆಯೇ ಬೀಳಬಹುದಲ್ಲವೆ? ಅದನ್ನು ನಾಣ್ಯದ ಗುಣವೆನ್ನಲಾಗದು.

ಒಂದು ಪರೀಕ್ಷೆಯಲ್ಲಿ ಚೆನ್ನಾಗಿ ಬರೆದ ಪೆನ್ನನ್ನೇ ಮುಂದಿನ ಪರೀಕ್ಷೆಗೂ ಜೇಬಿಗಿಡುವ ಮಕ್ಕಳುಂಟು. ಇಟ್ಟುಕೊಡುವ ತಾಯ್ತಂದೆಯರೂ ಉಂಟು. ಅವರ ಮನಸ್ಸೂ ಒಂದೇ ರೈಫಲ್ ಪಳಗಿಸಿದವನ ಮನಸ್ಸೂ ಬೇರೆಯಲ್ಲ. ಹೋಲಿಸಿ ನೋಡಲು ಇನ್ನೊಂದಿಲ್ಲದ ಕಡೆ ನಂಬಿಕೆ ಸುಲಭವಾಗಿ ಬೇರೂರುತ್ತದೆ.

ಮಾಡಿ ನೋಡಿ: ರೈಫಲ್ಲಿನ ಪ್ರಯೋಗ ಶೂಟಿಂಗ್ ಕ್ಲಬ್ಬಿನಲ್ಲಿ, ತರಬೇತುದಾರರ ಎದುರಿನಲ್ಲೇ ಆಗಬೇಕು. ಕಾಗದದ ವಿಮಾನಕ್ಕೆ ಪರವಾನಗಿ ಬೇಡ. ಒಂದೇ ಅಳತೆಯ ಮೂರು ವಿಮಾನ ಮಾಡಿ. ಒಂದರ ಮೂಗಿನ ತುದಿ ಜಜ್ಜಿ, ಇನ್ನೊಂದರ ಬಾಲ ತುಸು ಮಡಿಸಿ, ಮೂರನೆಯದನ್ನು ಹಾಗೆಯೇ ಬಿಡಿ. ಒಂದೊಂದನ್ನೂ ಇಪ್ಪತ್ತು ಸಲ ಎಸೆದು, ಬಿದ್ದ ಜಾಗವನ್ನು ಸೀಮೆಸುಣ್ಣದಿಂದ ಗುರುತಿಸಿ. ಯಾವುದು ಹೆಚ್ಚು ಚೆದುರಿತು?