ಆಕ್ಚುಯರಿ ಪರೀಕ್ಷೆಗೆ ಎಷ್ಟು ಪುಸ್ತಕ, ಎಷ್ಟು ದಿನ?

ಸಿರುಗುಪ್ಪದ ಗೃಹಸ್ಥರೊಬ್ಬರು ನಮಗೆ ಪತ್ರ ಬರೆದಿದ್ದಾರೆ. ಗಣಿತದಲ್ಲಿ ಬಿ.ಎಸ್‌ಸಿ. ಮುಗಿಸಿರುವ ಅವರ ಮಗಳು ಆಕ್ಚುಯರಿ ಪರೀಕ್ಷೆಗೆ ಕೂರುವೆನೆಂದು ಹಟ ಹಿಡಿದಿರುವಳಂತೆ. ಪುಸ್ತಕ ಮಾರುವವರೊಬ್ಬರು ಎಲ್ಲ ಪರೀಕ್ಷೆಗಳ ಪಾಠಗಳನ್ನೂ ಒಂದೇ ಸಲ ಕೊಂಡರೆ ಅಗ್ಗವೆನ್ನುತ್ತಿರುವರಂತೆ. ಈ ಸಲದ ಭತ್ತದ ಹಣವನ್ನು ಅದಕ್ಕೆ ಸುರಿಯಬಹುದೇ ಎಂಬುದು ಅವರ ಪ್ರಶ್ನೆ. ಸುರಿಯಕೂಡದು. ಮಗಳು ಮಾತ್ರ ಧಾರಾಳವಾಗಿ ಓದಲಿ.

ಈ ಉದ್ಯೋಗವೇನೆಂದು ತಿಳಿಯದ ವಾಚಕರಿಗಾಗಿ ಎರಡು ಮಾತು. ಹತ್ತು ವರ್ಷದ ಮೇಲೆ ಕೊಡಬೇಕಾದ 1,000 ರೂಪಾಯಿಗಾಗಿ ಇಂದು ಎಷ್ಟನ್ನು ತೆಗೆದಿಡಬೇಕು? ಶೇಕಡಾ 6ರ ಚಕ್ರಬಡ್ಡಿಯಾದರೆ ಸುಮಾರು 558 ರೂಪಾಯಿ. ಆ ಹಣ ಬದುಕಿರುವವರಿಗೆ ಮಾತ್ರ ಸಲ್ಲತಕ್ಕದ್ದಾಗಿ, ನೂರು ಜನರಲ್ಲಿ 97 ಮಂದಿ ಆವರೆಗೆ ಬದುಕಿರುವರೆಂದು ಇಟ್ಟುಕೊಂಡರೆ, ತಲೆಗೆ ಸುಮಾರು 542 ರೂಪಾಯಿ ಸಾಕು. ಬಡ್ಡಿ ಒಂದು ಕಡೆ, ಆಯುಸ್ಸು ಇನ್ನೊಂದು ಕಡೆ. ಇವೆರಡನ್ನೂ ಹೆಣೆದು ಲೆಕ್ಕ ಹಾಕುವವನೇ ಆಕ್ಚುಯರಿ. ನಮ್ಮಂತಹ ಸರ್ಕಾರಿ ಉಪಾಧ್ಯಾಯರ ಸಂಬಳದಲ್ಲಿ ತಿಂಗಳು ತಿಂಗಳು ಹಿಡಿಯುತ್ತಿದ್ದ ವಿಮೆಯ ಹಿಂದೆ ಇರುವುದೂ ಇದೇ ಲೆಕ್ಕ. ಆ ವಿಮಾ ಇಲಾಖೆಯು ಮೈಸೂರು ಸಂಸ್ಥಾನದಲ್ಲಿ 1891ರಲ್ಲಿ ಹುಟ್ಟಿತು; ಬಳ್ಳಾರಿಯು ಆಗ ಮದರಾಸು ಆಧಿಪತ್ಯಕ್ಕೆ ಸೇರಿದ್ದುದರಿಂದ ನಮ್ಮ ಹಿರಿಯರಿಗೆ ಅದರ ಫಲವಿರಲಿಲ್ಲ.

ಭಾರತದಲ್ಲಿ ಈ ಪರೀಕ್ಷೆಗಳನ್ನು ನಡೆಸುವುದು 2006ರ ಆಕ್ಚುಯರಿಗಳ ಅಧಿನಿಯಮದಂತೆ ಏರ್ಪಟ್ಟ ಇನ್‌ಸ್ಟಿಟ್ಯೂಟ್ ಆಫ್ ಆಕ್ಚುಯರೀಸ್ ಆಫ್ ಇಂಡಿಯಾ. 1944ರಲ್ಲಿ ಆರಂಭವಾದ ಆಕ್ಚುಯರಿಗಳ ಸಂಘವೇ ಇದರ ಪೂರ್ವರೂಪ. ವಿದ್ಯಾರ್ಥಿಯಾಗಿ ಸೇರಲು ಮೊದಲು ಪ್ರವೇಶ ಪರೀಕ್ಷೆಯುಂಟು: ಗಣಿತ, ಸಂಖ್ಯಾಶಾಸ್ತ್ರ, ಅಂಕಿ ಅಂಶಗಳನ್ನು ಅರ್ಥಮಾಡುವಿಕೆ, ಇಂಗ್ಲಿಷು, ತರ್ಕ. ಇದಕ್ಕೆ ಬಹುಮಟ್ಟಿಗೆ ಪಿ.ಯು. ತರಗತಿಯ ಪುಸ್ತಕಗಳೂ ಸಂಸ್ಥೆಯ ಮಾದರಿ ಪ್ರಶ್ನೆಗಳೂ ಸಾಕೆಂದು ನಮ್ಮ ಅಭಿಪ್ರಾಯ. ಈ ಬಾಗಿಲನ್ನು ದಾಟುವ ಮುನ್ನ ಮುಂದಿನ ಪುಸ್ತಕಗಳಿಗೆ ಒಂದು ಕಾಸನ್ನೂ ತೆರಬೇಡಿರಿ.

ದಾಟಿದ ಮೇಲೂ ಒಂದು ವಿಷಯಕ್ಕೆ ಮಾತ್ರ ಕೊಳ್ಳತಕ್ಕದ್ದು. ಕಾರಣವಿದೆ. ಪರೀಕ್ಷೆಗಳೆಲ್ಲ ಮುಗಿಯಲು ಅನೇಕ ವರ್ಷಗಳು ಹಿಡಿಯುತ್ತವೆ. ಪಾಠಕ್ರಮವು ಅಲ್ಲಿಯವರೆಗೆ ಕಾಯುವುದಿಲ್ಲ. 2019ರಲ್ಲಿ ಸಿ.ಟಿ. 1, ಸಿ.ಟಿ. 5 ಎಂಬ ಹಳೆಯ ವಿಷಯಗಳು ಹೋಗಿ, ಬಡ್ಡಿಯ ಗಣಿತವೂ ಆಯುಸ್ಸಿನ ಗಣಿತವೂ ಸಿ.ಎಂ. 1 ಎಂಬ ಒಂದೇ ಹೆಸರಿನಲ್ಲಿ ಕೂಡಿದವು. ಅದಕ್ಕೆ ಹಿಂದಿನ ವರ್ಷ ಮೂಟೆ ಕೊಂಡವನ ಗತಿಯನ್ನು ಊಹಿಸಿರಿ! ಹಳೆಯ ಪುಸ್ತಕ ಅಗ್ಗಕ್ಕೆ ಸಿಕ್ಕಿದರೆ ಮೊದಲು ಅದರ ಮುಖಪುಟದ ವರ್ಷವನ್ನು ನೋಡುವುದು.

ಕೊಳ್ಳತಕ್ಕ ವಸ್ತುಗಳು ಮೂರೇ. ಮೊದಲನೆಯದು ‘ಕೋರ್ ರೀಡಿಂಗ್’ ಎಂಬ ಮೂಲಪಾಠವನ್ನು ಒಳಗೊಂಡ ಆ ವರ್ಷದ ಟಿಪ್ಪಣಿಗಳು. ಇಂಗ್ಲೆಂಡಿನ ಆಕ್ಟೆಡ್ ಸಂಸ್ಥೆಯವು ಇವುಗಳಲ್ಲಿ ಹೆಸರಾದವು. ಎರಡನೆಯದು ಸೂತ್ರಗಳ ಮತ್ತು ಪಟ್ಟಿಗಳ ಹಳದಿ ಹೊದಿಕೆಯ ಪುಸ್ತಕ. ಮೂರನೆಯದಾದ ಹಳೆಯ ಪ್ರಶ್ನೆಪತ್ರಿಕೆಗಳಿಗೆ ಹಣವೇ ಬೇಡ. ಸಂಸ್ಥೆಯು ಅವನ್ನು ಉತ್ತರಸಹಿತ ತನ್ನ ಜಾಲತಾಣದಲ್ಲಿ ಬಿಟ್ಟಿಯಾಗಿ ಇಟ್ಟಿದೆ. ಬಿಟ್ಟಿಯಾಗಿ ಸಿಕ್ಕಿದ್ದಕ್ಕೆ ಬೆಲೆಯಿಲ್ಲವೆಂದು ಹುಡುಗರು ಭಾವಿಸುವರು. ಮೂರರಲ್ಲಿ ಹೆಚ್ಚು ಬೆಲೆಯುಳ್ಳದ್ದು ಅದೇ.

ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ರಚಿಸಿದ ಗಣಿತಸಾರಸಂಗ್ರಹವನ್ನು ಬಲ್ಲವರಿಗೆ ಇದು ಹೊಸತಲ್ಲ. ಅದರಲ್ಲಿ ಸೂತ್ರವು ಒಂದೆರಡು ಸಾಲು. ಅದರ ಬೆನ್ನಿಗೇ ‘ಉದ್ದೇಶಕ’ಗಳು, ಎಂದರೆ ಬಿಡಿಸಬೇಕಾದ ಲೆಕ್ಕಗಳು, ಬರುತ್ತವೆ. ಬಡ್ಡಿಯ ಲೆಕ್ಕವನ್ನೂ ಆತನು ಹಾಗೆಯೇ ಕಲಿಸಿದನು. ನಮ್ಮ ಇಂದಿನ ಹುಡುಗರು ಸೂತ್ರಕ್ಕೆ ಬಣ್ಣದ ಗೆರೆ ಎಳೆದು ಓದಾಯಿತೆನ್ನುತ್ತಾರೆ. ಹಳೆಯ ಸಿ.ಟಿ. 1, ಸಿ.ಟಿ. 5 ಪ್ರಶ್ನೆಗಳನ್ನೂ ಪಾಠಕ್ರಮಕ್ಕೆ ಹೊಂದುವಷ್ಟು ಆರಿಸಿಕೊಂಡು ಮಾಡಿದರೆ ಕೈ ಪಳಗುವುದು. 2019ರ ಕ್ರಮದಲ್ಲಿ ಸಿ.ಎಂ. 1ಕ್ಕೆ ಎಕ್ಸೆಲ್‌ನಲ್ಲಿಯೂ, ಸಂಖ್ಯಾಶಾಸ್ತ್ರದ ಸಿ.ಎಸ್. 1ಕ್ಕೆ ‘ಆರ್’ ಎಂಬ ಗಣಕಭಾಷೆಯಲ್ಲಿಯೂ ಮಾಡುವ ಎರಡನೆಯ ಪತ್ರಿಕೆ ಸೇರಿತು. ‘ಆರ್’ ಉಚಿತವಾಗಿ ದೊರೆಯುತ್ತದೆ. ಮನೆಯಲ್ಲಿ ಕಂಪ್ಯೂಟರ್ ಮಾತ್ರ ಇರಬೇಕು.

ಹಳದಿ ಪುಸ್ತಕದಲ್ಲಿ ನಮಗೊಂದು ಕೌತುಕ ಕಂಡಿತು. ಅದರೊಳಗಿನ 1992ರ ಹೆಸರಿನ ಮರಣಪಟ್ಟಿಯು ಬ್ರಿಟನ್ನಿನ ಗಂಡಸರದು. ಕುರುಗೋಡಿನ ಹುಡುಗಿಯೂ ಅದರಿಂದಲೇ ಅಭ್ಯಾಸ ಮಾಡಬೇಕು. ಆದರೆ ನಮ್ಮವರಿಗೂ ಪಟ್ಟಿಗಳುಂಟು. ಓರಿಯಂಟಲ್ ವಿಮಾ ಕಂಪೆನಿಯ 1925-35ರ ಅನುಭವವನ್ನು ಎಲ್. ಎಸ್. ವೈದ್ಯನಾಥನ್ ಅವರು ಪಟ್ಟಿಯಾಗಿಸಿದರು. 1956ರಲ್ಲಿ ಸ್ಥಾಪಿತವಾದ ಜೀವವಿಮಾ ನಿಗಮವೂ ಬಹುಕಾಲ ಅದನ್ನೇ ಆಧಾರವಾಗಿಟ್ಟುಕೊಂಡಿತ್ತು. ಆಮೇಲೆ 2012-14ರ ಪಟ್ಟಿಯವರೆಗೆ ಹಲವು ಬಂದಿವೆ.

ಇನ್ನು ಕಾಲದ ಲೆಕ್ಕ. ಒಂದು ವಿಷಯಕ್ಕೆ 250 ಗಂಟೆ ಬೇಕೆಂದೂ ಪರೀಕ್ಷೆಯು ಮೇ ತಿಂಗಳಿನಲ್ಲೆಂದೂ ಇಟ್ಟುಕೊಳ್ಳೋಣ. ನವೆಂಬರ್ ಮೊದಲಿನಿಂದ ಏಪ್ರಿಲ್ ಕೊನೆಗೆ ಸುಮಾರು 26 ವಾರ. ವಾರಕ್ಕೆ ಹತ್ತು ಗಂಟೆಯಂತೆ ಕಟ್ಟುನಿಟ್ಟಾಗಿ ಹಂಚಿದರೆ ಕಾಗದದ ಮೇಲೆ ಸರಿಹೋಗುತ್ತದೆ, ಮನೆಯಲ್ಲಿ ಸರಿಹೋಗುವುದಿಲ್ಲ. ಜ್ವರ ಬರುವುದು, ನೆಂಟರ ಮದುವೆ ಬರುವುದು, ಸುಗ್ಗಿ ಬರುವುದು. ಆದುದರಿಂದ ವಾರಕ್ಕೆ 12 ಗಂಟೆಯಂತೆ 22 ವಾರಗಳಿಗೆ ಹಂಚಿ, ನಾಲ್ಕು ವಾರಗಳನ್ನು ಯಾವುದಕ್ಕೂ ಕೊಡದೆ ಮೀಸಲಿಡಿರಿ. ವಿಮಾ ಕಂಪೆನಿಯು ಮೀಸಲು ನಿಧಿ ಇಡುವುದೂ ಹೀಗೆಯೇ. ಟಿಪ್ಪಣಿಗಳ ಓದು ಜನವರಿಯಲ್ಲಿ ಮುಗಿಯಲಿ. ಫೆಬ್ರವರಿಯಿಂದ ಲೆಕ್ಕ, ಕೊನೆಯ ತಿಂಗಳು ಗಡಿಯಾರ ಮುಂದಿಟ್ಟು ಪೂರ್ಣ ಪತ್ರಿಕೆಗಳು. ನಮ್ಮೂರ ಏಪ್ರಿಲ್ ಮಧ್ಯಾಹ್ನದಲ್ಲಿ ಕೋಟೆಯ ಬಂಡೆಯೇ ಕಾದು ಕೆಂಡವಾಗುವಾಗ ಬುದ್ಧಿಯು ಓಡೀತೆ? ಬೆಳಗಿನ ಐದರಿಂದ ಏಳು ಆಕೆಯದಾಗಲಿ. ಆ ಹೊತ್ತಿನಲ್ಲಿ ನೀರು ತರಲೂ ಕಸ ಗುಡಿಸಲೂ ಮನೆಯವರು ಆಕೆಯನ್ನು ಕರೆಯದಿರಲಿ. ಈ ಎರಡು ಗಂಟೆಯನ್ನು ಬಿಟ್ಟುಕೊಡುವುದು ಪುಸ್ತಕದ ಹಣಕ್ಕಿಂತ ಕಷ್ಟವೆಂದು ತಾಯಂದಿರು ಬಲ್ಲರು.

ಒಂದು ಪತ್ರಿಕೆಯಲ್ಲಿ ತಪ್ಪಿದರೆ ಗಾಬರಿ ಬೇಡ. ಅನೇಕರು ಎರಡನೆಯ ಸಲ ಕೂರುತ್ತಾರೆ. ಉದ್ಯೋಗ ಮಾಡುತ್ತಲೇ ಉಳಿದ ಪರೀಕ್ಷೆಗಳನ್ನು ಕೊಡುವ ರೂಢಿಯೂ ಉಂಟು. ಆದುದರಿಂದ ಇವು ಮುಗಿಯುವವರೆಗೆ ಕೆಲಸವನ್ನೋ ಮದುವೆಯನ್ನೋ ನಿಲ್ಲಿಸಬೇಕೆಂದೇನೂ ಇಲ್ಲ. ಅರ್ಜಿಯ ಕೊನೆಯ ದಿನವು ಪರೀಕ್ಷೆಗೆ ಬಹಳ ಮೊದಲೇ ಬರುವುದರಿಂದ, ಸಂಸ್ಥೆಯ ಪ್ರಕಟಣೆಯನ್ನು ನೋಡಿ ಅದನ್ನು ಈಗಲೇ ಪಂಚಾಂಗದ ಅಂಚಿನಲ್ಲಿ ಬರೆದಿಡಿರಿ.