ರಾಗಿ ಹೊಲದ ಕೂಲಿ ಎಲ್ಲಿಗೆ ಹೋಯಿತು?

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ದಾರಿಯಲ್ಲಿ ಸಾಗಿದವರಿಗೆ ನೀಲಗಿರಿ ತೋಪುಗಳು ಹೊಸತಲ್ಲ. ಈ ಮರ ಅಂತರ್ಜಲವನ್ನು ಹೀರುತ್ತದೆಯೇ ಎಂಬ ವಾದ ನಮ್ಮ ನಡುವೆ ಬೇಕಾದಷ್ಟು ನಡೆದಿದೆ. ಅದು ಕೂಲಿಯನ್ನು ಹೀರಿದ ಬಗೆಯನ್ನು ಕುರಿತು ನಾವು ಮಾತನಾಡಿದ್ದು ಕಡಿಮೆ.

1981ರಲ್ಲಿ ವಂದನಾ ಶಿವ, ಎಚ್.ಸಿ. ಶರತ್‌ಚಂದ್ರ ಮತ್ತು ಜಯಂತ ಬಂದೋಪಾಧ್ಯಾಯ ಅವರು ಕೋಲಾರ ಜಿಲ್ಲೆಯ ಸಾಮಾಜಿಕ ಅರಣ್ಯ ಯೋಜನೆಯನ್ನು ಕುರಿತ ಅಧ್ಯಯನವೊಂದನ್ನು ಬೆಂಗಳೂರಿನ ಐಐಎಂನಿಂದ ಹೊರತಂದರು. ಹಳ್ಳಿಗೆ ಸೌದೆ, ಮೇವು ಒದಗಿಸಲೆಂದು ಹೊರಟ ಯೋಜನೆಯಲ್ಲಿ ರಾಗಿಯ ಹೊಲಗಳೇ ನೀಲಗಿರಿ ತೋಪುಗಳಾಗುತ್ತಿವೆ, ಧಾನ್ಯದೊಂದಿಗೆ ಉದ್ಯೋಗವೂ ಕುಗ್ಗುತ್ತಿದೆ ಎಂದು ಅವರು ತೋರಿಸಿದರು. ಕಾರಣ ಸರಳ. ರಾಗಿ ಹೊಲ ಪ್ರತಿವರ್ಷವೂ ಉಳುಮೆ, ಬಿತ್ತನೆ, ಕುಂಟೆ, ಕಳೆ, ಕೊಯ್ಲು, ಒಕ್ಕಣೆ ಎಂದು ಆಳುಗಳನ್ನು ಕರೆಯುತ್ತದೆ; ಕಳೆ, ಕೊಯ್ಲುಗಳಲ್ಲಿ ಹೆಂಗಸರ ಪಾಲೇ ದೊಡ್ಡದು. ನೀಲಗಿರಿಯಾದರೋ ಬೇರೂರಿದ ಮೇಲೆ ಏಳೆಂಟು ವರ್ಷ ಯಾರನ್ನೂ ಕರೆಯುವುದಿಲ್ಲ. ಕಟಾವಿಗೆ ಗುತ್ತಿಗೆದಾರನ ಲಾರಿ ಬರುತ್ತದೆ, ಅಷ್ಟೆ. ಬೆಂಗಳೂರಿನಲ್ಲಿ ನೆಲೆಸಿದ ಜಮೀನುದಾರನಿಗೆ ಇದಕ್ಕಿಂತ ಅನುಕೂಲದ ಬೆಳೆ ಯಾವುದಿದೆ? (ಅವನೊಬ್ಬನನ್ನೇ ದೂರಲಾಗದು, ಮಳೆ ನಂಬಿ ಕೈಸುಟ್ಟುಕೊಂಡ ಸಣ್ಣ ರೈತನೂ ನೆಟ್ಟಿದ್ದಾನೆ.)

ಹೀಗೆ ಕೂಲಿ ಕಳೆದುಕೊಂಡ ಹೆಣ್ಣುಮಗಳು ಸರ್ಕಾರದ ಲೆಕ್ಕದಲ್ಲಿ ನಿರುದ್ಯೋಗಿಯೇ? ಬಹುಮಟ್ಟಿಗೆ ಅಲ್ಲ. ಕೆಲಸ ಮಾಡುತ್ತಿರುವವರು, ಹುಡುಕುತ್ತಿರುವವರು, ಸಿಕ್ಕರೆ ಮಾಡಲು ಸಿದ್ಧರೆಂದು ಹೇಳುವವರು ಮಾತ್ರ 'ಕಾರ್ಮಿಕ ಶಕ್ತಿ'. ನಿರುದ್ಯೋಗದ ಪ್ರಮಾಣವನ್ನು ಇವರೊಳಗೇ ಎಣಿಸುತ್ತಾರೆ. ಊರಿನಲ್ಲಿ ಕೆಲಸವೇ ಇಲ್ಲವೆಂದು ಕೇಳುವುದನ್ನೇ ಬಿಟ್ಟವಳು ಮನೆವಾರ್ತೆಯ ಕಾಲಂಗೆ ಜಾರುತ್ತಾಳೆ. ರಾಷ್ಟ್ರೀಯ ಸಮೀಕ್ಷೆಯಲ್ಲಿ ಇಂಥವರಿಗೆಂದು 93 ಎಂಬ ಸಂಕೇತಸಂಖ್ಯೆಯೇ ಇದೆ: ಮನೆಗೆಲಸದೊಂದಿಗೆ ಸೌದೆ, ಸೊಪ್ಪು, ಮೇವು ಆಯ್ದು ತರುವವರು. ಇವರು ಕಾರ್ಮಿಕ ಶಕ್ತಿಯ ಹೊರಗೆ!

ರಾಗಿಯೊಂದಿಗೆ ರಾಗಿಹುಲ್ಲೂ ಹೋಯಿತೆಂಬುದನ್ನು ಇಲ್ಲಿ ನೆನೆಯಬೇಕು. ನೀಲಗಿರಿಯ ಎಲೆಯನ್ನು ದನ ಮೂಸುವುದಿಲ್ಲ. ಮೇವಿಗಾಗಿ ಆಕೆ ಇನ್ನಷ್ಟು ದೂರ ನಡೆಯುತ್ತಾಳೆ; ದುಡಿಮೆ ಹೆಚ್ಚಿದಂತೆಲ್ಲ ಲೆಕ್ಕದಲ್ಲಿ ಮರೆಯಾಗುತ್ತಾಳೆ.

2023-24ರ ಸಮೀಕ್ಷೆಯಂತೆ ದೇಶದ 15 ವರ್ಷ ಮೇಲ್ಪಟ್ಟವರಲ್ಲಿ ನಿರುದ್ಯೋಗ ಶೇ. 3.2. ಕೇಳಲು ಹಿತವಾದ ಅಂಕಿ. ಅದೇ ಸಮೀಕ್ಷೆಯಲ್ಲಿ ಕಾರ್ಮಿಕ ಶಕ್ತಿಯೊಳಗಿದ್ದ ಮಹಿಳೆಯರು ಶೇ. 41.7 ಮಾತ್ರ. 2017-18ರಲ್ಲಿ ಶೇ. 23.3 ಇದ್ದುದು ಇಷ್ಟಕ್ಕೆ ಏರಿದೆ, ನಿಜ; ಆದರೆ ಏರಿಕೆಯ ದೊಡ್ಡ ಭಾಗ ಸ್ವಂತ ದುಡಿಮೆ ಮತ್ತು ಮನೆಯ ಕಸುಬಿನಲ್ಲಿ ಸಂಬಳವಿಲ್ಲದ ನೆರವು. ನರಸಾಪುರ, ಮಾಲೂರಿನ ಕಾರ್ಖಾನೆಗಳ ಬಸ್ಸುಗಳಲ್ಲಿ ಹೆಚ್ಚಾಗಿ ಕಾಣುವುದು ಎಳೆಯರು, ಅವರ ತಾಯಂದಿರಲ್ಲ.

ಹೊಸದಾಗಿ ನೀಲಗಿರಿ ನೆಡುವುದನ್ನು ರಾಜ್ಯ ಸರ್ಕಾರ 2017ರಲ್ಲಿ ನಿಷೇಧಿಸಿತು. ನಮ್ಮ ಗುಡ್ಡಗಳ ಅಕೇಶಿಯಾ ನೆಡುತೋಪುಗಳ ಬಗ್ಗೆ ಗ್ರಾಮಸಭೆಯಲ್ಲಿ ಮಾತು ಬಂದಾಗ ನೀರು, ಮಣ್ಣಿನೊಂದಿಗೆ ಇದನ್ನೂ ಕೇಳೋಣ: ಎಕರೆಗೆ ವರ್ಷಕ್ಕೆ ಎಷ್ಟು ಆಳಿನ ಕೆಲಸ, ಯಾರಿಗೆ? ಸೊಪ್ಪು, ದರಕಿಗೆ ಹೋಗುವವರು ದಿನಕ್ಕೆ ಎಷ್ಟು ಹೊತ್ತು ನಡೆಯುತ್ತಾರೆಂಬುದನ್ನು ವಿದ್ಯಾರ್ಥಿಗಳು ಈ ರಜೆಯಲ್ಲಿ ಮನೆಮನೆಯಲ್ಲೂ ಬರೆದುಕೊಂಡು ಬಂದರೆ, ಆ ಸಭೆಗೆ ಒಯ್ಯಲು ನಮ್ಮದೇ ಒಂದು ಲೆಕ್ಕ ಸಿದ್ಧವಿರುತ್ತದೆ.